ಮಗು ಶಾಲೆ ತಪ್ಪಿಸಿದಾಗ ಪಾಲಕರು ಏನು ಮಾಡಬೇಕು: ಪ್ರಾಥಮಿಕ ಶಾಲೆಯ ಹಾಜರಿ ನಿಯಮಗಳು

ಪ್ರಾಥಮಿಕ ಶಾಲೆಯ ಹಾಜರಿ ಬಗ್ಗೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಎರಡು ಮಾತು ಓಡಾಡುತ್ತವೆ. "ಎಂಟನೇತನಕ ಯಾರನ್ನೂ ಫೇಲ್ ಮಾಡಂಗಿಲ್ಲ, ಸಾಲಿಗೆ ಹೋದ್ರೂ ಅಷ್ಟ, ಬಿಟ್ರೂ ಅಷ್ಟ" ಅನ್ನುವುದು ಒಂದು. "ನಾಕ್ ದಿನ ಹೋಗಲಿಲ್ಲಂದ್ರ ಹೆಸರ ಹೊಡೀತಾರ" ಅನ್ನುವುದು ಇನ್ನೊಂದು. ಎರಡೂ ತಪ್ಪು. ಮೊದಲನೆಯದನ್ನು ನಂಬಿದ ಮನೆಯಲ್ಲಿ ಮಗು ಓದಿನಲ್ಲಿ ಹಿಂದೆ ಬೀಳುತ್ತದೆ. ಎರಡನೆಯದನ್ನು ನಂಬಿದವರು ಹದಿನೈದು ದಿನ ಶಾಲೆ ತಪ್ಪಿದ ಮಗುವನ್ನು ಮತ್ತೆ ಕಳಿಸಲು ಹಿಂಜರಿಯುತ್ತಾರೆ, ಹದಿನೈದು ದಿನ ಹೋಗಿ ಮೂರು ತಿಂಗಳಾಗುತ್ತದೆ. ಆದ್ದರಿಂದ ನಿಯಮ ನಿಜವಾಗಿ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ.

ಕಾನೂನು ಹೇಳುವುದು

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣ ಎನ್ನುತ್ತದೆ ಅದು. 'ಕಡ್ಡಾಯ' ಎಂದೊಡನೆ ಪಾಲಕರಿಗೆ ದಂಡ ಬೀಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಈ ಕಾಯ್ದೆಯಲ್ಲಿ ಪಾಲಕರಿಗೆ ದಂಡ ಹಾಕುವ ಮಾತಿಲ್ಲ. ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎಂದು 10ನೇ ಕಲಂ ಹೇಳುತ್ತದೆ. ಸೇರಿದ ಮಗು ದಿನಾ ಬರುವಂತೆ, ಓದು ಮುಗಿಸುವಂತೆ ನೋಡಿಕೊಳ್ಳುವ ಹೊಣೆಯನ್ನು ಸರಕಾರದ ಮೇಲೆ ಹೊರಿಸಿದೆ. ಹಾಗಾಗಿ ಮಗು ಬಾರದಿದ್ದಾಗ ಶಾಲೆಯಿಂದ ಫೋನ್ ಬಂದರೆ, ಗುರುಗಳು ಮನೆ ಬಾಗಿಲಿಗೆ ಬಂದರೆ, ಅದು ನಿಮ್ಮನ್ನು ಜಗ್ಗಾಡಲು ಅಲ್ಲ. ಅದು ಅವರ ಕೆಲಸ.

ಗೈರಾದ ಕಾರಣಕ್ಕೆ ಮಗುವಿನ ಹೆಸರು ತೆಗೆದು ಹೊರಗೆ ಹಾಕುವಂತಿಲ್ಲ. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಯ ಕೊನೆಗೆ ಪರೀಕ್ಷೆ ನಡೆಸಲು, ಮರುಪರೀಕ್ಷೆಯಲ್ಲೂ ಪಾಸಾಗದ ಮಗುವನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು. ಆದರೆ ಪ್ರಾಥಮಿಕ ಶಿಕ್ಷಣ ಮುಗಿಯುವತನಕ ಮಗುವನ್ನು ಶಾಲೆಯಿಂದ ಹೊರಹಾಕಬಾರದು ಎಂಬುದು ತಿದ್ದುಪಡಿಯ ನಂತರವೂ ಹಾಗೇ ಇದೆ. ಎಷ್ಟು ದಿನ ತಪ್ಪಿದ್ದರೂ ಮಗು ಮರಳಿ ಬಂದು ತನ್ನ ಜಾಗದಲ್ಲಿ ಕೂರಬಹುದು.

ಏಳು ದಿನದ ಲೆಕ್ಕ

ಕಾರಣ ತಿಳಿಸದೆ ಸತತ 7 ದಿನ ಬಾರದ ಮಗುವನ್ನು ನಮ್ಮ ರಾಜ್ಯದಲ್ಲಿ ಶಾಲೆಯಿಂದ ಹೊರಗುಳಿದ ಮಗು ಎಂದು ಪರಿಗಣಿಸಿ ಹುಡುಕಾಟ ಶುರು ಮಾಡುತ್ತಾರೆ. ಹಿಂದೆ ಇದಕ್ಕೆ ಬಹಳ ದೊಡ್ಡ ಅವಧಿ ಇತ್ತು, ಶಾಲೆಗೆ ಎಚ್ಚರಾಗುವಷ್ಟರಲ್ಲಿ ಮಗು ಕೂಲಿಗೋ ಊರು ಬಿಟ್ಟೋ ಹೋಗಿರುತ್ತಿತ್ತು. ಹೊರಗುಳಿದ ಮಕ್ಕಳ ವಿಷಯವನ್ನು 2013ರಲ್ಲಿ ಹೈಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡ ಮೇಲೆ ಅವಧಿ ಇಳಿಯಿತು.

'ಕಾರಣ ತಿಳಿಸದೆ' ಎಂಬ ಮಾತನ್ನು ಗಮನಿಸಿ. ಟೈಫಾಯ್ಡ್ ಆಗಿ ಹನ್ನೆರಡು ದಿನ ಮಲಗಿದ ಮಗುವಿನ ಪಾಲಕರು ಎರಡನೇ ದಿನವೇ ಶಾಲೆಗೆ ಹೇಳಿದ್ದರೆ ಯಾವ ತೊಂದರೆಯೂ ಇಲ್ಲ. ಹೇಳದೆ ಎಂಟು ದಿನ ಬಿಟ್ಟರೆ ವರ್ಗದ ಗುರುಗಳು ಮುಖ್ಯ ಗುರುಗಳಿಗೆ, ಅವರು ಮೇಲಿನವರಿಗೆ ವರದಿ ಮಾಡಬೇಕಾಗುತ್ತದೆ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಮನೆಗೆ ಬರಬಹುದು. ಹಾಜರಿ ನಿಯಮದ ಜೀವಾಳ ಇರುವುದು ತಿಳಿಸುವುದರಲ್ಲಿ. ಕಾಯಿಲೆ, ಸಾವು, ಮದುವೆ ಯಾವ ಮನೆಯನ್ನೂ ಬಿಟ್ಟಿಲ್ಲ, ಅದು ಶಾಲೆಗೂ ಗೊತ್ತು.

ತಪ್ಪಿದ ದಿನ ಎಲ್ಲಿ ಸೋರುತ್ತವೆ

ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, 800 ಬೋಧನಾ ಗಂಟೆ ಇರಬೇಕು. 6ರಿಂದ 8ನೇ ತರಗತಿಗೆ 220 ದಿನ, 1000 ಗಂಟೆ. ಅಂದರೆ ಸಣ್ಣ ಮಕ್ಕಳಿಗೆ ದಿನಕ್ಕೆ ಸರಾಸರಿ 4 ಗಂಟೆ ಪಾಠ.

ತಿಂಗಳಿಗೆ ಎರಡೇ ದಿನ ತಪ್ಪಿಸಿದರೆ ಯಾರಿಗೂ ಅದು ಹೆಚ್ಚೆನಿಸುವುದಿಲ್ಲ. ಹತ್ತು ತಿಂಗಳಿಗೆ ಅದು 20 ದಿನ, 80 ಗಂಟೆ. 200ರಲ್ಲಿ ಹತ್ತನೇ ಒಂದು ಪಾಲು ಹೋಯಿತು. ವಾರದ ಸಂತೆಗೆ ಅಪ್ಪ ಅವ್ವ ಹೋಗುತ್ತಾರೆಂದು ತಮ್ಮನನ್ನು ನೋಡಿಕೊಳ್ಳಲು ಪ್ರತಿ ಸಂತೆ ದಿನ ಮಗಳನ್ನು ಮನೆಯಲ್ಲಿ ಉಳಿಸಿಕೊಂಡರೆ ಐದರಲ್ಲಿ ಒಂದು ಪಾಲಿನ ಹತ್ತಿರ ಹೋಗುತ್ತದೆ. ಸಂತೆ ದಿನದ ಗೈರಿಗೆ ಇನ್ನೊಂದು ದೋಷವಿದೆ. ಪ್ರತಿ ವಾರ ಅದೇ ದಿನದ ಪಾಠವೇ ತಪ್ಪುತ್ತದೆ. ಸಂತೆ ಮಂಗಳವಾರ ಇದ್ದು ಗುರುಗಳು ಅವತ್ತೇ ಹೊಸ ಲೆಕ್ಕ ಶುರು ಮಾಡುವವರಾದರೆ ಆ ಮಗು ಒಂದು ಲೆಕ್ಕದ ಆರಂಭವನ್ನೂ ನೋಡಿರುವುದಿಲ್ಲ.

ಹಾಜರಿ ದಿನಕ್ಕೆ ಎರಡು ಸಲ ತೆಗೆಯುತ್ತಾರೆ, ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಒಮ್ಮೆ, ಮಧ್ಯಾಹ್ನ ಊಟದ ನಂತರ ಒಮ್ಮೆ. ಬಿಸಿಯೂಟ ಮುಗಿಸಿ ಮನೆಗೆ ಓಡಿಬರುವ ಮಗು ಅರ್ಧ ದಿನ ಗೈರು. ಬೆಳಗ್ಗೆ ತಡವಾಗಿ ಬಂದು ಹಾಜರಿ ತಪ್ಪಿದರೂ ಅಷ್ಟೇ. ಶನಿವಾರ ಬೆಳಗಿನ ಶಾಲೆ ಇರುವುದರಿಂದ "ಅರ್ಧಾ ದಿನಕ್ಕ ಏನ ಹೋಗೂದು" ಎಂದು ಬಿಡುವವರಿದ್ದಾರೆ, ಅದೂ ಲೆಕ್ಕಕ್ಕೆ ಸೇರುತ್ತದೆ. ಮಗು ದಿನಾ ಹೋಗುತ್ತಿದೆ ಎಂದು ಮನೆಯಲ್ಲಿ ತಿಳಿದಿದ್ದಾಗಲೂ ಹಾಜರಿ ಪುಸ್ತಕದಲ್ಲಿ ಕೊರತೆ ಕಾಣುವುದು ಹೆಚ್ಚಾಗಿ ಇಂಥ ಅರ್ಧ ದಿನಗಳಿಂದ. ತಿಂಗಳ ಕೊನೆಗೆ ಒಮ್ಮೆ ವರ್ಗದ ಗುರುಗಳನ್ನು ಕೇಳಿ: "ಈ ತಿಂಗಳು ಎಷ್ಟು ದಿನ, ಎಷ್ಟು ಅರ್ಧ ದಿನ ಹೋಗಿವೆ?" ಮಗುವಿನ ಹಾಜರಿ ಮತ್ತು ಕಲಿಕೆಯ ಬಗ್ಗೆ ಪಾಲಕರಿಗೆ ತಿಳಿಸುವುದು ಕಾಯ್ದೆಯಲ್ಲೇ ಶಿಕ್ಷಕರ ಕರ್ತವ್ಯ.

ಹಾಜರಿಗೂ ಊಟಕ್ಕೂ ಸಂಬಂಧವಿದೆ. ಅಡುಗೆಯವರು ಪಾತ್ರೆಗೆ ಅಕ್ಕಿ ಹಾಕುವುದು ಅವತ್ತಿನ ತಲೆ ಎಣಿಸಿ. 1ರಿಂದ 5ನೇ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ. 6ರಿಂದ 8ಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ. ಹಾಜರಿ ಸುಳ್ಳಾದರೆ ಈ ಲೆಕ್ಕವೂ ತಪ್ಪುತ್ತದೆ. "ಇರಲಿ, ಹಾಜರಿ ಹಾಕಿಬಿಡ್ರಿ ಸರ್" ಎಂದು ಗುರುಗಳನ್ನು ಒತ್ತಾಯಿಸಬೇಡಿ.

ತಪ್ಪಿದ ಪಾಠ ಎಲ್ಲ ತರಗತಿಯಲ್ಲೂ ಒಂದೇ ಥರ ಕಾಡುವುದಿಲ್ಲ. ಸರಕಾರಿ ಕನ್ನಡ ಶಾಲೆಯ 1ರಿಂದ 3ನೇ ತರಗತಿಯಲ್ಲಿ ಕಾರ್ಡುಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿ ನಡೆಯುತ್ತದೆ. ಅಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತಾನು ನಿಂತ ಮೆಟ್ಟಿಲಿನಿಂದ ಮುಂದೆ ಹೋಗುವುದರಿಂದ ವಾರ ಬಿಟ್ಟು ಬಂದವನೂ ತನ್ನ ಕಾರ್ಡಿನಿಂದಲೇ ಶುರು ಮಾಡಬಹುದು. 4ನೇ ತರಗತಿಗೆ ಬಂದಕೂಡಲೇ ಇಡೀ ವರ್ಗಕ್ಕೆ ಒಂದೇ ಪಾಠ. ಭಾಗಾಕಾರ ಹೇಳಿಕೊಟ್ಟ ವಾರ ಇಲ್ಲದ ಮಗು ಮುಂದೆ ಭಿನ್ನರಾಶಿ ಬಂದಾಗ ಸುಮ್ಮನೆ ಕೂರುತ್ತದೆ, ತನಗೆ ತಿಳಿಯದಿರುವುದು ಭಾಗಾಕಾರ ಎಂಬುದೂ ಅದಕ್ಕೆ ಗೊತ್ತಾಗುವುದಿಲ್ಲ. ಮೂರನೇ ತರಗತಿಯತನಕ ಚುರುಕಾಗಿದ್ದ ಹುಡುಗ ನಾಲ್ಕರಲ್ಲಿ ಮಂಕಾದ ಎಂದು ಪಾಲಕರು ಹೇಳಿದಾಗ ಮೊದಲು ನೋಡಬೇಕಾದ್ದು ಹಾಜರಿ ಪುಸ್ತಕವನ್ನು.

ರಜೆ ಚೀಟಿ

ಒಂದು ದಿನದ ಗೈರಿಗೆ ಬೆಳಗ್ಗೆ ವರ್ಗದ ಗುರುಗಳಿಗೆ ಫೋನ್ ಅಥವಾ ವಾಟ್ಸ್‌ಆ್ಯಪ್ ಸಾಕು, ಮೊದಲ ಹಾಜರಿ ತೆಗೆಯುವ ಮುಂಚೆ ಹೋದರೆ ಒಳ್ಳೆಯದು. ಎರಡು ದಿನ ದಾಟುತ್ತದೆ ಎನಿಸಿದರೆ ಕೈಬರಹದ ಚೀಟಿ ಕೊಡಿ. ಫೋನಿನ ಮಾತಿಗೆ ದಾಖಲೆ ಇಲ್ಲ. ಗುರುಗಳು ತರಬೇತಿಗೆ ಹೋಗಿ ಬೇರೆಯವರು ವರ್ಗ ನೋಡಿಕೊಂಡರೆ ನೀವು ಹೇಳಿದ್ದು ಅವರಿಗೆ ತಿಳಿದಿರುವುದಿಲ್ಲ.

ಚೀಟಿ ಹೀಗಿದ್ದರೆ ಸಾಕು: "ಮುಖ್ಯ ಗುರುಗಳಿಗೆ, ಸರಕಾರಿ ಹಿರಿಯ ಪ್ರಾಥಮಿಕ ಶಾಲೆ. ಮಾನ್ಯರೆ, 4ನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳಿಗೆ ಜ್ವರ ಬಂದಿದೆ. ಸೋಮವಾರ 12ನೇ ತಾರೀಖಿನಿಂದ ಗುರುವಾರ 15ರವರೆಗೆ ಬರಲು ಆಗುವುದಿಲ್ಲ. ಶುಕ್ರವಾರ 16ಕ್ಕೆ ಕಳಿಸುತ್ತೇವೆ. ರಜೆ ಕೊಡಬೇಕೆಂದು ವಿನಂತಿ." ಕೆಳಗೆ ಮಗುವಿನ ಪೂರ್ಣ ಹೆಸರು, ಹಾಜರಿ ಸಂಖ್ಯೆ, ಪಾಲಕರ ಸಹಿ, ಫೋನ್ ನಂಬರ್. ಓದು ಬರಹ ಬಾರದವರು ಬೇರೆಯವರಿಂದ ಬರೆಸಿ ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ. ಚೀಟಿಯಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಮರಳುವ ದಿನ. ಶಾಲೆಗೆ ಎಲ್ಲಕ್ಕಿಂತ ಬೇಕಾದ್ದೇ ಅದು, ಆ ದಿನ ಮಗು ಬಾರದಿದ್ದರೆ ವಿಚಾರಿಸಬೇಕು ಎಂದು ಅವರಿಗೆ ಗೊತ್ತಾಗುವುದು ಅದರಿಂದ. ಕಾಯಿಲೆ ಉದ್ದವಾದರೆ ವೈದ್ಯರ ಚೀಟಿಯ ನಕಲು ಜೊತೆಗಿಡಿ.

ಚೀಟಿ ಕೊಟ್ಟರೆ ಆ ದಿನಗಳು ಹಾಜರಿ ಎಂದು ಸೇರುವುದಿಲ್ಲ. ಶೇಕಡಾವಾರು ಲೆಕ್ಕದಲ್ಲಿ ಅವು ತಪ್ಪಿದ ದಿನಗಳೇ. ಆದರೆ ಕಾರಣ ದಾಖಲಾಗಿರುತ್ತದೆ, ಏಳು ದಿನದ ಎಣಿಕೆ ಶುರುವಾಗುವುದಿಲ್ಲ. ಮುಂದೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕಾಗುತ್ತದೆ, ಚೀಟಿ ಕೊಡುವ ರೂಢಿ ಈಗಲೇ ಬೆಳೆದರೆ ಆಗ ಪರದಾಡಬೇಕಿಲ್ಲ. ರೂಪಣಾತ್ಮಕ (ನಡುನಡುವಿನ ಕಿರುಪರೀಕ್ಷೆ) ಅಥವಾ ಸಂಕಲನಾತ್ಮಕ (ಅವಧಿ ಕೊನೆಯ ಪರೀಕ್ಷೆ) ಮೌಲ್ಯಮಾಪನದ ದಿನವೇ ಮಗು ಗೈರಾದರೆ ಮರಳಿ ಬಂದ ದಿನವೇ ಗುರುಗಳನ್ನು ಕೇಳಿ. ವಾರಗಟ್ಟಲೆ ಬಿಟ್ಟು ಕೇಳಿದರೆ ಅಂಕ ಮೇಲಿನ ಕಚೇರಿಗೆ ಹೋಗಿಬಿಟ್ಟಿರುತ್ತವೆ.

ಕಾಯಿಲೆ: ಯಾವುದಕ್ಕೆ ಎಷ್ಟು ದಿನ

ನೆಗಡಿ, ಸಣ್ಣ ಕೆಮ್ಮು ಇದ್ದು ಮಗು ಆಡಿಕೊಂಡು ತಿಂದುಕೊಂಡು ಇದ್ದರೆ ಶಾಲೆಗೆ ಕಳಿಸಿ. ಜ್ವರ ಇದ್ದರೆ ಬೇಡ. ಬೆಳಗ್ಗೆ ಪ್ಯಾರಾಸಿಟಮಾಲ್ ಕುಡಿಸಿ ಮೈ ತಣ್ಣಗಾಯಿತೆಂದು ಕಳಿಸುವುದು ಬಹಳ ಮನೆಗಳಲ್ಲಿ ನಡೆಯುವ ತಪ್ಪು. ಔಷಧದ ಬಲ ನಾಲ್ಕಾರು ಗಂಟೆ, ಬಿಸಿಯೂಟದ ಹೊತ್ತಿಗೆ ಮಗು ಮತ್ತೆ ಕಾದಿರುತ್ತದೆ. ಔಷಧ ಇಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಕಳಿಸಬಹುದು.

ವಾಂತಿ ಭೇದಿ ನಿಂತ ಮೇಲೆ 48 ಗಂಟೆ ಮನೆಯಲ್ಲಿರಲಿ. ಎಲ್ಲರೂ ಒಂದೇ ನಲ್ಲಿ, ಒಂದೇ ಶೌಚಾಲಯ ಬಳಸುವ ಶಾಲೆಯಲ್ಲಿ ಇದು ಬೇಗ ಹರಡುತ್ತದೆ. ಸೀತಾಳ ಸಿಡುಬಾದರೆ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವತನಕ, ಸಾಮಾನ್ಯವಾಗಿ ಗುಳ್ಳೆ ಎದ್ದ ಐದಾರು ದಿನ. ಅಮ್ಮ ಬಂದಿದ್ದಾಳೆಂದು ಉಡಿ ತುಂಬುವುದು, ಬೇವಿನ ಸೊಪ್ಪು ಕಟ್ಟುವುದು ನಿಮ್ಮ ನಂಬಿಕೆ, ಅದನ್ನು ಯಾರೂ ತಡೆಯುವುದಿಲ್ಲ. ಆದರೆ ಶಾಲೆಗೆ ಮಾತ್ರ ಮುಚ್ಚಿಡಬೇಡಿ. ಅದೇ ವರ್ಗದಲ್ಲಿ ಗರ್ಭಿಣಿ ಗುರುಮಾತೆ ಇರಬಹುದು, ಅವರಿಗೆ ಇದು ಅಪಾಯ. ದಡಾರಕ್ಕೆ ಮೈಮೇಲೆ ಎದ್ದ ದಿನದಿಂದ 4 ದಿನ, ಮಂಗನಬಾವಿಗೆ ಬಾವು ಬಂದ ದಿನದಿಂದ 5 ದಿನ. ಕಜ್ಜಿಗೆ ಮುಲಾಮು ಹಚ್ಚಿದ ಮರುದಿನವೇ ಕಳಿಸಬಹುದು, ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳದಿದ್ದರೆ ಅದು ಮತ್ತೆ ಬರುತ್ತದೆ. ತಲೆಯಲ್ಲಿ ಹೇನು ಇದೆಯೆಂದು ಒಂದು ದಿನವೂ ಶಾಲೆ ತಪ್ಪಿಸಬೇಕಿಲ್ಲ, ಹೇನಿನ ಕಾರಣಕ್ಕೆ ಮಗುವನ್ನು ವಾಪಸ್ ಕಳಿಸುವುದೂ ಸರಿಯಲ್ಲ.

ಜಾತ್ರೆ, ಹಬ್ಬ, ಮಳೆ

ಜನವರಿಯಲ್ಲಿ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬಾದಾಮಿಯ ಬನಶಂಕರಿ ಜಾತ್ರೆ, ಆಮೇಲೆ ಸವದತ್ತಿ ಎಲ್ಲಮ್ಮ, ಚಿಂಚಲಿ ಮಾಯಕ್ಕ. ಅದಕ್ಕೂ ಮುಂಚೆ ಎಳ್ಳ ಅಮಾವಾಸ್ಯೆಯ ಚರಗ. ಇವೆಲ್ಲ ಎರಡನೇ ಅವಧಿಯ ನಟ್ಟನಡುವೆ ಬರುತ್ತವೆ. ಮಕ್ಕಳು ಜಾತ್ರೆ ನೋಡಬಾರದು ಎಂದು ಯಾರೂ ಹೇಳುವುದಿಲ್ಲ, ಚರಗ ಚೆಲ್ಲುವುದನ್ನು ಹೊಲದಲ್ಲಿ ನಿಂತು ನೋಡುವುದೂ ಒಂದು ಕಲಿಕೆಯೇ. ಊರಿನ ಮುಖ್ಯ ಹಬ್ಬಕ್ಕೆ ಮುಖ್ಯ ಗುರುಗಳು ಇಲಾಖೆಯ ಮಿತಿಯೊಳಗೆ ಸ್ಥಳೀಯ ರಜೆ ಕೊಡುತ್ತಾರೆ. ತೊಂದರೆ ಆಗುವುದು ಒಂದು ದಿನದ ಜಾತ್ರೆಗೆ ಹೋದವರು ಬೀಗರ ಮನೆಯಲ್ಲಿ ನಾಲ್ಕು ದಿನ ಉಳಿದಾಗ. ವರ್ಷದ ಶುರುವಿನಲ್ಲಿ ಶಾಲೆಯ ರಜೆ ಪಟ್ಟಿಯ ಫೋಟೊ ತೆಗೆದಿಟ್ಟುಕೊಂಡು ಜವಳ, ಹರಕೆ, ನೆಂಟರ ಮನೆ ಎಲ್ಲವನ್ನೂ ದಸರಾ ರಜೆಗೆ ಮತ್ತು ಏಪ್ರಿಲ್-ಮೇ ಬೇಸಿಗೆ ರಜೆಗೆ ಹೊಂದಿಸಿಕೊಳ್ಳಿ.

ಮಳೆ ರಜೆಯನ್ನು ಜಿಲ್ಲಾಧಿಕಾರಿ ಘೋಷಿಸುತ್ತಾರೆ, ಹಲವು ಸಲ ತಾಲೂಕಿಗಷ್ಟೇ. ಜುಲೈನಲ್ಲಿ ಖಾನಾಪುರಕ್ಕೆ ರಜೆ ಇದ್ದು ಅಥಣಿಗೆ ಇಲ್ಲದಿರಬಹುದು. ವಾಟ್ಸ್‌ಆ್ಯಪ್‌ನಲ್ಲಿ ಹಿಂದಿನ ವರ್ಷದ ಆದೇಶ ಮತ್ತೆ ಸುತ್ತುತ್ತಿರುತ್ತದೆ, ತಾರೀಖು ಮತ್ತು ತಾಲೂಕಿನ ಹೆಸರು ನೋಡದೆ ನಂಬಬೇಡಿ. ರಜೆ ಘೋಷಣೆ ಆಗದಿದ್ದರೂ ಹಳ್ಳ ತುಂಬಿ ದಾರಿ ಕಟ್ಟಿದ್ದರೆ ಮಗುವನ್ನು ಕಳಿಸಬೇಡಿ, ಫೋನ್ ಮಾಡಿ ಹೇಳಿ. ಮಳೆಗೆ ಹೋದ ದಿನಗಳನ್ನು ಶನಿವಾರ ಪೂರ್ತಿ ಶಾಲೆ ನಡೆಸಿ ತುಂಬಿಸುವುದುಂಟು, ಆ ಶನಿವಾರ ತಪ್ಪಿಸಬೇಡಿ.

ಗುಳೆ ಹೋಗುವವರು

ಅತಿ ದೊಡ್ಡ ಪೆಟ್ಟು ಬೀಳುವುದು ಇಲ್ಲಿ. ದೀಪಾವಳಿ ಹೊತ್ತಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಹೊರಡುತ್ತವೆ, ಕಾರ್ಖಾನೆ ನಿಲ್ಲುವತನಕ ಮರಳುವುದಿಲ್ಲ. ವಿಜಯಪುರ, ಬಾಗಲಕೋಟೆಯ ಹಳ್ಳಿಗಳಿಂದ ಗೋವಾ, ಮಹಾರಾಷ್ಟ್ರ, ಮಂಗಳೂರು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವವರದೂ ಇದೇ ಕತೆ. ಎರಡನೇ ಅವಧಿ ಪೂರ್ತಿ ಮಗು ಬಯಲಲ್ಲಿ ಕಳೆಯುತ್ತದೆ. ಮುಂಗಡ ಹಣ ತಗೊಂಡು ಗ್ಯಾಂಗಿನ ಮುಖ್ಯಸ್ಥ ಮುಕಾದಮನಿಗೆ ಮಾತು ಕೊಟ್ಟ ಮೇಲೆ ಪಾಲಕರಿಗೆ ಆಯ್ಕೆಯೇ ಇರುವುದಿಲ್ಲ. ಆದ್ದರಿಂದ ಮಾತು ಕೊಡುವ ಮುಂಚೆಯೇ, ಅಂದರೆ ಸೆಪ್ಟೆಂಬರ್ ಹೊತ್ತಿಗೇ, ಮಗುವಿನ ವಿಷಯ ಇತ್ಯರ್ಥ ಆಗಬೇಕು.

ದಾರಿ ಮೂರಿವೆ. ಮಗುವನ್ನು ಅಜ್ಜಿ, ಕಾಕಾ, ಸೋದರಮಾವ ಯಾರ ಹತ್ತಿರವಾದರೂ ಊರಲ್ಲೇ ಬಿಡುವುದು ಎಲ್ಲಕ್ಕಿಂತ ಸುಲಭ. ಹಾಗೆ ಬಿಟ್ಟರೆ ಅವರ ಫೋನ್ ನಂಬರನ್ನು ಶಾಲೆಗೆ ಕೊಡಿ, ಇಲ್ಲದಿದ್ದರೆ ಶಾಲೆ ಗೋವಾದಲ್ಲಿರುವ ನಿಮಗೇ ಫೋನ್ ಮಾಡುತ್ತಿರುತ್ತದೆ. ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ ವಲಸೆ ಹೋಗುವವರ ಮಕ್ಕಳಿಗಾಗಿ ಸಮಗ್ರ ಶಿಕ್ಷಣದಡಿ ನಡೆಯುವ ಋತುಮಾನದ ವಸತಿ ಕೇಂದ್ರ ನಿಮ್ಮ ತಾಲೂಕಿನಲ್ಲಿ ಈ ವರ್ಷ ಇದೆಯೇ ಎಂದು ಸಿಆರ್‌ಪಿ ಅಥವಾ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಕೇಳಿ.

ಮೂರನೆಯದು ಜೊತೆಗೆ ಕರೆದುಕೊಂಡು ಹೋಗಿ ಅಲ್ಲಿಯ ಶಾಲೆಗೆ ಹಾಕುವುದು. ಅದಕ್ಕೆ ವರ್ಗಾವಣೆ ಪತ್ರ, ಅಂದರೆ ಟಿಸಿ ಬೇಕು. ಬೇರೆ ಸರಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವ ಮಗುವಿಗೆ ಮುಖ್ಯ ಗುರುಗಳು ಕೂಡಲೇ ಟಿಸಿ ಕೊಡಬೇಕು ಎಂದು 5ನೇ ಕಲಂ ಹೇಳುತ್ತದೆ, ತಡ ಮಾಡಿದರೆ ಅವರ ಮೇಲೆ ಶಿಸ್ತುಕ್ರಮ ಆಗಬಹುದು. ಟಿಸಿ ಬರುವುದು ತಡವಾಯಿತೆಂದು ಹೊಸ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತೆಯೂ ಇಲ್ಲ. ವರ್ಷದ ನಡುವೆ ಬಂದಿರಿ ಎನ್ನುವುದು, ಜನನ ಪ್ರಮಾಣಪತ್ರ ಇಲ್ಲ ಎನ್ನುವುದು, ಇವೂ ಪ್ರವೇಶ ನಿರಾಕರಿಸಲು ಕಾರಣವಲ್ಲ. ರಾಜ್ಯದ ಗಡಿ ದಾಟುವುದಾದರೆ ಟಿಸಿ ಮೇಲೆ ಬಿಇಒ ಮೇಲುಸಹಿ ಹಾಕಿಸಿಕೊಳ್ಳಿ, ಅಲ್ಲಿ ತಕರಾರು ಕಮ್ಮಿ.

ಕರ್ನಾಟಕದೊಳಗೆ ಮಗುವಿನ ಗುರುತು ಸ್ಯಾಟ್ಸ್ ಸಂಖ್ಯೆ, ಅಂದರೆ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಆ ಮಗುವಿನ ಸಂಖ್ಯೆ. ಒಂದು ಮಗುವಿನ ಹೆಸರು ಏಕಕಾಲಕ್ಕೆ ಎರಡು ಶಾಲೆಯಲ್ಲಿ ಇರಲು ಬರುವುದಿಲ್ಲ. ಹಳೆಯ ಶಾಲೆ ಕಂಪ್ಯೂಟರಿನಲ್ಲಿ ಹೆಸರು ಬಿಡದಿದ್ದರೆ ಹೊಸ ಶಾಲೆಯಲ್ಲಿ ಮಗು ದಿನಾ ಕೂತರೂ ಆನ್‌ಲೈನ್ ದಾಖಲೆಯಲ್ಲಿ ಹಳೆಯ ಶಾಲೆಯ ಗೈರು ಮಗುವಾಗಿಯೇ ಉಳಿಯುತ್ತದೆ, ಪುಸ್ತಕ, ಸಮವಸ್ತ್ರದ ಲೆಕ್ಕವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆ ಸಂಖ್ಯೆಯನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.

ಕೆಲವು ತಿಂಗಳು ಅಥವಾ ವರ್ಷ ಶಾಲೆ ತಪ್ಪಿದ ಮಗುವನ್ನು ಕೆಳಗಿನ ತರಗತಿಗೆ ತಳ್ಳುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದೆ ಬಿದ್ದಿದ್ದನ್ನು ವಿಶೇಷ ತರಬೇತಿಯಿಂದ ತುಂಬಬೇಕು. ಆ ತರಬೇತಿ ಕನಿಷ್ಠ 3 ತಿಂಗಳು, ಹೆಚ್ಚೆಂದರೆ 2 ವರ್ಷ.

ಮನೆಗೆಲಸ, ಹೊಲದ ಕೆಲಸ ಎಂದು ಶಾಲೆ ಬಿಡಿಸುವವರಿಗೆ ಒಂದು ಮಾತು. 14 ವರ್ಷದೊಳಗಿನ ಮಗುವನ್ನು ಯಾವ ಕೂಲಿಗೂ ಹಚ್ಚುವಂತಿಲ್ಲ. ಮನೆಯವರಿಗೆ ಕೈಗೂಡಿಸಬಹುದು, ಅದೂ ಅಪಾಯವಿಲ್ಲದ ಕೆಲಸಕ್ಕೆ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ. ಜೋಳದ ಸುಗ್ಗಿಗೆ, ದ್ರಾಕ್ಷಿ ಬಿಡಿಸಲು ಎಂದು ಫೆಬ್ರವರಿಯಲ್ಲಿ ವಾರಗಟ್ಟಲೆ ಬಿಡಿಸುವುದು ಇದರೊಳಗೆ ಬರುವುದಿಲ್ಲ.

ಮಗುವೇ ಒಲ್ಲೆ ಎಂದರೆ

ಇದ್ದಕ್ಕಿದ್ದಂತೆ "ಸಾಲಿಗೆ ಒಲ್ಲೆ" ಎನ್ನುವ ಮಗುವಿಗೆ ಬೈದು ಪ್ರಯೋಜನವಿಲ್ಲ. ಯಾವ ದಿನ ಒಲ್ಲೆ ಎನ್ನುತ್ತದೆ ಎಂದು ಗಮನಿಸಿ. ಪ್ರತಿ ಸೋಮವಾರ ಹೊಟ್ಟೆನೋವು ಬಂದು ಹತ್ತು ಗಂಟೆಗೆ ಹೋಗಿಬಿಟ್ಟರೆ ಕಾರಣ ಶಾಲೆಯಲ್ಲಿದೆ. ಶೌಚಾಲಯದಲ್ಲಿ ನೀರಿಲ್ಲದಿರುವುದು, ದಾರಿಯಲ್ಲಿ ದೊಡ್ಡ ಹುಡುಗರು ಕಾಡುವುದು, ಕಪ್ಪು ಹಲಗೆ ಸರಿಯಾಗಿ ಕಾಣದಿರುವುದು, ಹೊಡೆತದ ಹೆದರಿಕೆ, ಇವು ಸಾಮಾನ್ಯ ಕಾರಣಗಳು. ಕಣ್ಣು ಒಮ್ಮೆ ತೋರಿಸಿ. ಹೊಡೆತವಾದರೆ, ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಎರಡನ್ನೂ 17ನೇ ಕಲಂ ನಿಷೇಧಿಸಿದೆ, ಗೈರಾಗಿದ್ದಕ್ಕೆ ಹೊಡೆಯುವುದೂ ಅದರಲ್ಲಿ ಸೇರಿತು.

ತೀವ್ರ ಅಂಗವೈಕಲ್ಯ ಇರುವ ಮಗುವಿಗೆ ಮನೆಯಲ್ಲೇ ಕಲಿಯುವ ಆಯ್ಕೆಯನ್ನು 2012ರ ತಿದ್ದುಪಡಿ ಕೊಟ್ಟಿದೆ. ತಾಲೂಕಿನ ವಿಶೇಷ ಸಂಪನ್ಮೂಲ ಶಿಕ್ಷಕರು ಮನೆಗೆ ಬಂದು ಕಲಿಸುತ್ತಾರೆ. ಇದು ಪಾಲಕರ ಆಯ್ಕೆ. ನಡೆಯಲು ಬಾರದ ಮಗುವನ್ನು "ಮನ್ಯಾಗ ಇಟ್ಕೋರಿ" ಎಂದು ಶಾಲೆ ಕಳಿಸಿಬಿಡುವಂತಿಲ್ಲ.

ಯಾವುದಾದರೂ ಬಗೆಹರಿಯದಿದ್ದರೆ ಮೊದಲು ಮುಖ್ಯ ಗುರುಗಳು, ಆಮೇಲೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಮಕ್ಕಳ ಹಾಜರಿ ನೋಡಿಕೊಳ್ಳುವುದು ಅದರ ಕೆಲಸಗಳಲ್ಲಿ ಒಂದು. ಅಲ್ಲಿಂದ ಬಿಇಒ, ಅವರ ಮೇಲೆ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರು. ಬೆಳಗಾವಿ ಜಿಲ್ಲೆಯಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳಿರುವುದು ನೆನಪಿರಲಿ: ಅಥಣಿ, ಗೋಕಾಕ, ಹುಕ್ಕೇರಿ, ರಾಯಬಾಗ, ನಿಪ್ಪಾಣಿ ಕಡೆಯವರು ಚಿಕ್ಕೋಡಿ ಕಚೇರಿಗೆ ಹೋಗಬೇಕು, ಬೆಳಗಾವಿಗಲ್ಲ. ದೂರನ್ನು ಬರಹದಲ್ಲಿ ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ. ಪಕ್ಕದ ಮನೆಯ ಮಗು ಶಾಲೆ ಬಿಟ್ಟು ಕೂಲಿಗೆ ಹೋಗುತ್ತಿರುವುದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು, ಕರೆ ಉಚಿತ.